ತಿಂಗಳಿಗೆ 1,021 ರೂಪಾಯಿ: ಕೇಂದ್ರ ಕಾರ್ಮಿಕ ಸಚಿವರಿಗೆ ತುಮಕೂರಿನಿಂದ ಒಂದು ಬಹಿರಂಗ ಪತ್ರ

ತುಮಕೂರು
10 ನವೆಂಬರ್ 2025

ಮಾನ್ಯ ಸಚಿವರೇ, ನಮಸ್ಕಾರ.

ನಾನು ತುಮಕೂರಿನವನು. ಇಲ್ಲಿನ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ 24 ವರ್ಷ ಕೆಲಸ ಮಾಡಿ 2019ರಲ್ಲಿ ರಿಟೈರ್ ಆದೆ. ಹಾಜರಿ ಪುಸ್ತಕ, ಸಂಬಳದ ಪಟ್ಟಿ, ಪಿಎಫ್ ಚಲನ್, ಇವೇ ನನ್ನ ಕೆಲಸ. ರಿಟೈರ್ ಆದವರ 10 ಡಿ ಫಾರಂ, ಅಂದರೆ ಪಿಂಚಣಿ ಅರ್ಜಿ, ತುಂಬಿಕೊಡುತ್ತಿದ್ದವನೂ ನಾನೇ. ಆ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಈಗಲೂ ನವೆಂಬರ್ ಬಂತು ಅಂದರೆ ನಮ್ಮ ಮನೆ ಜಗಲಿ ಮೇಲೆ ಇಬ್ಬರೋ ಮೂವರೋ ಕೂತಿರುತ್ತಾರೆ. ಬದುಕಿದ್ದೇವೆ ಅಂತ ವರ್ಷಕ್ಕೊಂದು ಸಲ ತೋರಿಸಬೇಕಲ್ಲ, ಆ ಜೀವನ ಪ್ರಮಾಣಪತ್ರಕ್ಕೆ.

ಹೋದ ವಾರ ಬಂದವರು ನಮ್ಮ ಬೀದಿಯ ಕೊನೆ ಮನೆಯವರು. ವೆಲ್ಡಿಂಗ್ ಕೆಲಸ ಮಾಡುತ್ತಿದ್ದರು. ನಾನು ಅವರನ್ನು ಅಣ್ಣ ಅಂತಲೇ ಕರೆಯುವುದು. ಅವರ ಹೆಬ್ಬೆಟ್ಟು ಯಾವ ಮಿಷನ್ನಿಗೂ ಹತ್ತುವುದಿಲ್ಲ. ಕಾದ ಕಬ್ಬಿಣ ಹಿಡಿದು ಹಿಡಿದು ಗೆರೆ ಅಳಿಸಿಹೋಗಿದೆ. ಅದಕ್ಕೇ ಮೊಬೈಲಿನಲ್ಲಿ ಮುಖ ತೋರಿಸುವ ದಾರಿ ಹಿಡಿದೆವು. ಆ್ಯಪ್ ಕಣ್ಣು ಮಿಟುಕಿಸಿ ಅನ್ನುತ್ತದೆ. ಅಣ್ಣ ಮಿಟುಕಿಸಿದರೆ ಅದಕ್ಕೆ ಗೊತ್ತಾಗುವುದಿಲ್ಲ, ರೆಪ್ಪೆ ಪೂರ್ತಿ ಮುಚ್ಚುವುದೇ ಇಲ್ಲ. ಐದು ಸಲ ಆಯಿತು. ಆರನೇ ಸಲಕ್ಕೆ ಹಸಿರು ಬಂತು. ಅಣ್ಣ ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಂಡು, "ಆಯ್ತಾ? ಇದ್ದೀನಾ?" ಅಂದರು. ಆಮೇಲೆ ಬ್ಯಾಂಕ್ ಪಾಸ್‌ಬುಕ್ ತೆಗೆದು ತೋರಿಸಿದರು. ತಿಂಗಳಿಗೆ 1,021 ರೂಪಾಯಿ.

ಈ ಪತ್ರ ಬರೆಯಲು ಕೂತದ್ದು ಆ ಅಂಕಿಯಿಂದ.

ಅದರಲ್ಲಿ ಯಾರೂ ತಪ್ಪು ಮಾಡಿಲ್ಲ, ಲೆಕ್ಕ ಸರಿಯಾಗಿಯೇ ಇದೆ. ನಾನೇ ಕೂತು ಹಾಕಿ ನೋಡಿದೆ. 1995ರ ನೌಕರರ ಪಿಂಚಣಿ ಯೋಜನೆ, ನಾವೆಲ್ಲ ಇಪಿಎಸ್-95 ಅನ್ನುವುದು, ಅದರ ಸೂತ್ರ ಸುಲಭ. ಸಂಬಳವನ್ನು ಸರ್ವಿಸಿನ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಅಣ್ಣನ ಲೆಕ್ಕಕ್ಕೆ ಬಂದ ಸರ್ವಿಸ್ 11 ವರ್ಷ, 2003ರಿಂದ 2014ರ ಬೇಸಿಗೆವರೆಗೆ. ಆಗ ಸಂಬಳದ ಮಿತಿ 6,500. ಕೈಗೆ ಅದಕ್ಕಿಂತ ಜಾಸ್ತಿ ಬರುತ್ತಿದ್ದರೂ ಪಿಂಚಣಿಗೆ ಹಿಡಿಯುವುದು ಅಷ್ಟೇ. 6,500 ಇಂಟು 11, ಭಾಗಿಸು 70. 1,021.

ಆದರೆ ಅವರು ಕೆಲಸ ಮಾಡಿದ್ದು 11 ವರ್ಷವಲ್ಲ. 30 ವರ್ಷಕ್ಕೂ ಮೇಲೆ ಬೆಂಕಿ ಮುಂದೆ ಕೂತಿದ್ದಾರೆ. ಒಂದು ಪ್ಲಾಸ್ಟಿಕ್ ಕವರಿನಲ್ಲಿ ನಾಲ್ಕು ಪಿಎಫ್ ನಂಬರುಗಳ ಚೀಟಿ ಇಟ್ಟುಕೊಂಡಿದ್ದಾರೆ. ಗುತ್ತಿಗೆದಾರ ಬದಲಾದ ಹಾಗೆಲ್ಲ ಹೊಸ ನಂಬರು. ಹಳೆಯದರಲ್ಲಿ ಇದ್ದದ್ದನ್ನು ಮಗಳ ಮದುವೆಗೆ ಒಮ್ಮೆ, ಮನೆ ಮಾಡು ಹಾಕಿಸಲು ಒಮ್ಮೆ ತೆಗೆದುಕೊಂಡರು. 10 ವರ್ಷ ತುಂಬುವ ಮುಂಚೆ ತೆಗೆದರೆ ಆ ಸರ್ವಿಸ್ ಹೋಯಿತು ಅಂತ ಅವರಿಗೆ ಯಾರೂ ಹೇಳಲಿಲ್ಲ. 2014ರಲ್ಲಿ ಬಂದ ಹೊಸ ಗುತ್ತಿಗೆದಾರ ಪಿಎಫ್ ಕಟ್ಟಲೇ ಇಲ್ಲ. ಅಣ್ಣನಿಗೆ 58 ತುಂಬಿದ ದಿನ ನಾನು ಫಾರಂ ತುಂಬುವಾಗ ಉಳಿದಿದ್ದು ಆ 11 ವರ್ಷ ಮಾತ್ರ.

ಸಚಿವರೇ, 2014ರ ಸೆಪ್ಟೆಂಬರ್ ನಮ್ಮ ಊರಿಗೆ ಚೆನ್ನಾಗಿ ನೆನಪಿದೆ. ಆ ತಿಂಗಳ 24ರಂದು ಪ್ರಧಾನಿಯವರು ವಸಂತನರಸಾಪುರಕ್ಕೆ ಬಂದು ಫುಡ್ ಪಾರ್ಕ್ ಉದ್ಘಾಟನೆ ಮಾಡಿದರು. ಅದೇ ತಿಂಗಳ 1ರಿಂದ ಇಪಿಎಸ್ ಪಿಂಚಣಿ ಕನಿಷ್ಠ 1,000 ರೂಪಾಯಿ ಎಂದಾಯಿತು. ಸಂಬಳದ ಮಿತಿ 6,500ರಿಂದ 15,000ಕ್ಕೆ ಏರಿತು. ಅವತ್ತು ನಾವು ಖುಷಿಪಟ್ಟಿದ್ದು ನಿಜ. ಅಲ್ಲಿಯವರೆಗೆ ತಿಂಗಳಿಗೆ ನೂರಿನ್ನೂರು ರೂಪಾಯಿ ಪಡೆಯುತ್ತಿದ್ದವರಿಗೆ ಸಾವಿರ ಅಂದರೆ ದೊಡ್ಡದೇ. ಆಮೇಲೆ 11 ವರ್ಷ ಕಳೆದಿದೆ. ವಸಂತನರಸಾಪುರದಲ್ಲಿ ಶೆಡ್ಡಿನ ಮೇಲೆ ಶೆಡ್ ಎದ್ದಿವೆ. ಗುಬ್ಬಿ ಹತ್ತಿರ ಹೆಲಿಕಾಪ್ಟರ್ ಕಾರ್ಖಾನೆ ಬಂದಿದೆ. ಎಚ್‌ಎಂಟಿ ವಾಚ್ ಕಾರ್ಖಾನೆ ಮುಚ್ಚಿ, ಆ ಜಾಗ ಇಸ್ರೋಗೆ ಹೋಗಿದೆ. ಈ ಊರಿನಲ್ಲಿ ಬದಲಾಗದೆ ಉಳಿದದ್ದು ಎರಡೇ, ಆ 1,000 ಮತ್ತು ಆ 15,000.

ಎಲ್ಲರೂ ಸಾವಿರದ ಬಗ್ಗೆ ಮಾತಾಡುತ್ತಾರೆ. ನನ್ನನ್ನು ಕೇಳಿದರೆ ಗಂಟು ಇರುವುದು 15,000ದಲ್ಲಿ. ಯಾಕೆ ಅಂತ ಹೇಳುತ್ತೇನೆ.

ಇಪಿಎಸ್ ನಿಧಿಗೆ ಹಣ ಬರುವುದು ಎರಡು ಕಡೆಯಿಂದ. ಮಾಲೀಕರು ಪಿಎಫ್‌ಗೆ ಕಟ್ಟುವ ಶೇ 12ರಲ್ಲಿ ಶೇ 8.33 ಇಲ್ಲಿಗೆ ಬರುತ್ತದೆ. ಕೇಂದ್ರ ಸರ್ಕಾರ ಶೇ 1.16 ಹಾಕುತ್ತದೆ. ಎರಡನ್ನೂ ಲೆಕ್ಕ ಹಾಕುವುದು 15,000ದ ಮೇಲೆ. ಅಂದರೆ ಮಾಲೀಕರ ಕಡೆಯಿಂದ 1,250, ಸರ್ಕಾರದಿಂದ 174. ಸಾಮಾನ್ಯವಾಗಿ ಒಬ್ಬನ ಹೆಸರಿನಲ್ಲಿ ತಿಂಗಳಿಗೆ ಬರುವುದು ಹೆಚ್ಚೆಂದರೆ 1,424 ರೂಪಾಯಿ. 2014ರಲ್ಲಿ 16,000 ಸಂಬಳ ಇದ್ದವನಿಗೆ ಈಗ 30,000 ಇರಬಹುದು. ಅವನ ಹೆಸರಿನಲ್ಲಿ ನಿಧಿಗೆ ಬರುವುದು ಅಷ್ಟೇ. ಪಿಂಚಣಿಯ ಲೆಕ್ಕಕ್ಕೆ ಹಿಡಿಯುವುದೂ ಅಷ್ಟೇ. 35 ವರ್ಷ ಒಂದು ದಿನವೂ ತಪ್ಪದೆ ದುಡಿದರೂ 15,000 ಇಂಟು 35, ಭಾಗಿಸು 70, ಬರುವುದು 7,500. ಅದರ ಮೇಲೆ ತುಟ್ಟಿಭತ್ಯೆ ಅಂತ ಏನೂ ಇಲ್ಲ. ಮೊದಲ ತಿಂಗಳು ಎಷ್ಟು ಬಂತೋ ಸಾಯುವವರೆಗೂ ಅಷ್ಟೇ. ನನಗೆ ಬರುವುದು ಮೂರು ಸಾವಿರದ ಚಿಲ್ಲರೆ, ಆರು ವರ್ಷದಿಂದ ಅದೇ ಚಿಲ್ಲರೆ. ಬಿಪಿ ಮಾತ್ರೆಯ ಬೆಲೆ, ತೊಗರಿಬೇಳೆಯ ಬೆಲೆ ಇದನ್ನು ಕೇಳಿಕೊಂಡು ಕೂರುವುದಿಲ್ಲ ಅಲ್ವಾ?

ಕೆರೆಯ ಲೆಕ್ಕ ನಮಗೆ ಗೊತ್ತು. ನೀರು ಬರುವ ಕಾಲುವೆಯಲ್ಲಿ ಹೂಳು ತುಂಬಿದ್ದರೆ, ತೂಬು ಎಷ್ಟು ದೊಡ್ಡದು ಮಾಡಿದರೂ ಗದ್ದೆಗೆ ನೀರು ಸಿಗುವುದು ನಾಲ್ಕು ದಿನ. ನಮ್ಮ ಸಂಘಗಳು ತೂಬನ್ನು ದೊಡ್ಡದು ಮಾಡಿ ಅನ್ನುತ್ತಿವೆ. ಕನಿಷ್ಠ ಪಿಂಚಣಿ 7,500 ಮತ್ತು ತುಟ್ಟಿಭತ್ಯೆ ಕೊಡಿ ಅನ್ನುವುದು ಬೇಡಿಕೆ. ಆ ಧರಣಿಗಳಲ್ಲಿ ನಾನೂ ಕೂತಿದ್ದೇನೆ, ಆ ಸಂಕಟ ಸುಳ್ಳಲ್ಲ. 2013ರಲ್ಲೇ ರಾಜ್ಯಸಭೆಯ ಅರ್ಜಿಗಳ ಸಮಿತಿ, ಭಗತ್ ಸಿಂಗ್ ಕೋಶಿಯಾರಿ ಅವರ ಅಧ್ಯಕ್ಷತೆಯಲ್ಲಿ, ಕನಿಷ್ಠ 3,000 ಕೊಡಬೇಕು ಎಂದು ಹೇಳಿತ್ತು. ಅದೂ ಆಗಲಿಲ್ಲ. ಕೇಳಿದಾಗೆಲ್ಲ ಸಂಸತ್ತಿನಲ್ಲಿ ಸಿಗುವ ಉತ್ತರ ಒಂದೇ: 2019ರ ಮಾರ್ಚ್ 31ರ ಮೌಲ್ಯಮಾಪನದ ಪ್ರಕಾರ ನಿಧಿಯಲ್ಲಿ ಕೊರತೆ ಇದೆ.

ಈ ಕೊರತೆಯ ಮಾತನ್ನು ನಮ್ಮವರು ಯಾರೂ ನಂಬುವುದಿಲ್ಲ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲಿನಲ್ಲಿ ನಾವು ಹಳಬರು ಸೇರಿದಾಗ ಯಾರಾದರೂ ಮೊಬೈಲಿನಲ್ಲಿ ಲೆಕ್ಕ ಹಾಕಿಯೇ ಹಾಕುತ್ತಾರೆ. ತಿಂಗಳಿಗೆ 1,250ರಂತೆ 35 ವರ್ಷ, ಶೇ 8 ಬಡ್ಡಿ. 28 ಲಕ್ಷಕ್ಕೂ ಮೇಲೆ ಆಗುತ್ತದೆ. ಅದಕ್ಕೆ ಪ್ರತಿಯಾಗಿ ವರ್ಷಕ್ಕೆ 90,000 ಕೊಟ್ಟು ಕೊರತೆ ಅಂದರೆ ಯಾರು ನಂಬುತ್ತಾರೆ? ನಾನು ಅವರಿಗೆ ಹೇಳುವುದು, ಇದು ಬ್ಯಾಂಕಿನ ಆರ್‌ಡಿ ಅಲ್ಲ. ಕೆಲಸಕ್ಕೆ ಸೇರಿ ಒಂದೇ ತಿಂಗಳ ವಂತಿಗೆ ಕಟ್ಟಿದ ಹುಡುಗ ಅಪಘಾತದಲ್ಲಿ ಹೋದರೂ ಅವನ ಹೆಂಡತಿಗೆ ಪಿಂಚಣಿ ಬರುತ್ತದೆ, ಮಕ್ಕಳಿಗೂ 25 ತುಂಬುವವರೆಗೆ ಬರುತ್ತದೆ. ನಾನೇ ಅಂಥ ಮೂರು ಫಾರಂ ತುಂಬಿದ್ದೇನೆ. ಒಂದರಲ್ಲಿ ಸಹಿ ಹಾಕಬೇಕಾದ ಹುಡುಗಿಗೆ ಇನ್ನೂ 22. ಮಗುವನ್ನು ಟೇಬಲ್ ಮೇಲೆ ಕೂರಿಸಿ ಸಹಿ ಹಾಕಿದಳು. ಆ ಮಗು ನನ್ನ ಸ್ಟಾಂಪ್ ಪ್ಯಾಡಿಗೆ ಕೈ ಇಟ್ಟು ಫಾರಂ ಮೇಲೆಲ್ಲ ನೀಲಿ ಮಾಡಿತು, ಇನ್ನೊಂದು ಫಾರಂ ತುಂಬಿದೆ. ಆ ಹಣವೂ ನಮ್ಮ ಇದೇ ನಿಧಿಯಿಂದ ಹೋಗಿದ್ದು. ಹಾಗಾಗಿ ಇಡ್ಲಿ ಹೋಟೆಲಿನ ಲೆಕ್ಕ ಅರ್ಧ ಸತ್ಯ. ಕೊರತೆ ಇದೆ ಅನ್ನುವ ಒಂದು ಸಾಲಿನ ಉತ್ತರವೂ ಅರ್ಧ ಸತ್ಯವೇ.

ಅದಕ್ಕೇ ಮೊದಲು ಆ ಮೌಲ್ಯಮಾಪನವನ್ನು ಪೂರ್ತಿ ಬಯಲಿಗಿಡಿ. ಎಷ್ಟು ಹಣ ಇದೆ, ಮುಂದಿನ 30 ವರ್ಷದಲ್ಲಿ ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ, ಕನಿಷ್ಠ ಪಿಂಚಣಿ 2,000 ಮಾಡಿದರೆ ಏನಾಗುತ್ತದೆ, 3,000 ಮಾಡಿದರೆ ಏನಾಗುತ್ತದೆ, ಅದನ್ನು ಕನ್ನಡದಲ್ಲೂ ಹಿಂದಿಯಲ್ಲೂ ತಮಿಳಿನಲ್ಲೂ ಹಾಕಿ. ಟೈಮ್ ಆಫೀಸಿನಲ್ಲಿ ಕೂತವನಿಗೆ ಅರ್ಥವಾಗುವ ಹಾಗೆ ಬರೆಸಿ. ಕೆನಡಾ ದೇಶದ ಕಥೆಯನ್ನು ಮಗಳ ಕಂಪ್ಯೂಟರಿನಲ್ಲಿ ಓದಿದೆ. 1990ರ ದಶಕದ ಮಧ್ಯದಲ್ಲಿ ಅಲ್ಲಿನ ಲೆಕ್ಕಿಗರು, ಹೀಗೇ ಬಿಟ್ಟರೆ 2015ರ ಹೊತ್ತಿಗೆ ಪಿಂಚಣಿ ನಿಧಿ ಬರಿದಾಗುತ್ತದೆ ಅಂತ ಬಹಿರಂಗವಾಗಿ ಹೇಳಿದರು. ಅಲ್ಲಿನ ಕೇಂದ್ರ ಸರ್ಕಾರ ಮತ್ತು ಪ್ರಾಂತ್ಯಗಳು ಕೂತು ಮಾತಾಡಿ 1997ರಲ್ಲಿ ಒಪ್ಪಂದಕ್ಕೆ ಬಂದವು. ಶೇ 6ರ ಆಸುಪಾಸು ಇದ್ದ ವಂತಿಗೆಯನ್ನು 2003ರ ಹೊತ್ತಿಗೆ ಶೇ 9.9ಕ್ಕೆ ಏರಿಸಿದರು. ಹಣ ಹೂಡಲು ಸರ್ಕಾರದ ಕೈಯಿಂದ ದೂರ ಇರುವ ಒಂದು ಮಂಡಳಿ ಮಾಡಿದರು. ಮೂರು ವರ್ಷಕ್ಕೊಮ್ಮೆ ಲೆಕ್ಕಿಗರ ವರದಿ ಹೊರಬರುತ್ತದೆ, ಯಾರು ಬೇಕಾದರೂ ಓದಬಹುದು. ಜಾಸ್ತಿ ಕಟ್ಟಲು ಅಲ್ಲಿನ ಜನ ಒಪ್ಪಿದ್ದು ಲೆಕ್ಕ ಕಣ್ಣ ಮುಂದೆ ಇದ್ದದ್ದಕ್ಕೆ.

ಎರಡನೆಯದು ಆ 15,000. ಅದನ್ನು ಒಂದು ಸಲ ಏರಿಸಿ ಮತ್ತೆ ಹತ್ತು ವರ್ಷ ಮರೆಯಬೇಡಿ. 2001ರಲ್ಲಿ 6,500 ಮಾಡಿದ ಮೇಲೆ 13 ವರ್ಷ ಹಾಗೇ ಬಿಟ್ಟಿರಿ. 15,000 ಮಾಡಿದ ಮೇಲೆ 11 ವರ್ಷ ಆಯಿತು. ಪ್ರತಿ ಸಲವೂ ಧರಣಿ, ಮನವಿ, ಸಮಿತಿ. ಪ್ರತಿ ವರ್ಷ ಏಪ್ರಿಲ್ 1ಕ್ಕೆ ಸಂಬಳಗಳು ಏರಿದ ಪ್ರಮಾಣದಲ್ಲಿ ಮಿತಿ ತಾನಾಗಿ ಏರಲಿ ಅಂತ ನಿಯಮದಲ್ಲೇ ಬರೆದುಬಿಡಿ. ಆಗ ನಿಧಿಗೆ ಬರುವುದೂ ಏರುತ್ತದೆ. ಮಾಲೀಕರಿಗೂ ಒಂದೇ ಸಲ ದೊಡ್ಡ ಹೊರೆ ಬೀಳುವುದಿಲ್ಲ. ಅಂತರಸನಹಳ್ಳಿಯಲ್ಲಿ ಇಪ್ಪತ್ತು ಇಪ್ಪತ್ತೈದು ಜನರನ್ನಿಟ್ಟುಕೊಂಡು ಸಣ್ಣ ವರ್ಕ್‌ಶಾಪ್ ನಡೆಸುವವರಿಗೆ ವರ್ಷಕ್ಕೆ ತಲೆಗೆ ನೂರು ರೂಪಾಯಿಯಂತೆ ಏರಿದರೆ ಸುಧಾರಿಸಬಹುದು, ಒಂದೇ ದಿನ ಸಾವಿರ ಅಂದರೆ ಆಗುವುದಿಲ್ಲ.

ಇಲ್ಲೊಂದು ಎಚ್ಚರಿಕೆ ಬೇಕು, ನಮ್ಮವರಿಗೆ ಇಷ್ಟವಾಗದೆ ಇರಬಹುದು. 20 ವರ್ಷ ಕಡಿಮೆ ಮಿತಿಯ ಮೇಲೆ ಕಟ್ಟಿ, ಕೊನೆಯ ಐದು ವರ್ಷದ ದೊಡ್ಡ ಸಂಬಳದ ಮೇಲೆ ಇಡೀ ಸರ್ವಿಸಿಗೆ ಪಿಂಚಣಿ ಕೇಳಿದರೆ ಯಾವ ನಿಧಿಯೂ ತಡೆಯುವುದಿಲ್ಲ. ಯಾವ ಕಾಲದಲ್ಲಿ ಎಷ್ಟರ ಮೇಲೆ ಕಟ್ಟಿದ್ದೇವೋ ಆ ಕಾಲಕ್ಕೆ ಅಷ್ಟರ ಮೇಲೆ ಲೆಕ್ಕ ಹಾಕುವುದು ನ್ಯಾಯ. ನನ್ನ ಪಿಂಚಣಿಯನ್ನೂ 2014ರ ಹಿಂದೆ ಒಂದು, ಮುಂದೆ ಒಂದು ಅಂತ ಎರಡು ತುಂಡಾಗಿ ಹಾಕಿದ್ದಾರೆ. ಆದರೆ ಹಾಗೆ ಮಾಡುವಾಗ ಹಳೆಯ ತುಂಡನ್ನು ಹಳೆಯ ಬೆಲೆಯಲ್ಲೇ ಬಿಡಬಾರದು. 1996ರ 5,000 ರೂಪಾಯಿ ಇವತ್ತಿನ 5,000 ಅಲ್ಲ. ಅದಕ್ಕೆ ಬೆಲೆ ಏರಿಕೆಯನ್ನು ಸೇರಿಸಿ ಹಿಡಿಯಬೇಕು.

ಮೂರನೆಯದು ಯಾರು ಎಷ್ಟು ಹಾಕಬೇಕು ಅನ್ನುವುದು. ಸರ್ಕಾರದ ಆ 1.16 ಎಲ್ಲಿಂದ ಬಂತು ಗೊತ್ತಾ? 1971ರ ಕುಟುಂಬ ಪಿಂಚಣಿ ಯೋಜನೆಯ ಕಾಲದ್ದು. ಆಗ ಅದು ಬರೀ ವಿಧವೆ ಮತ್ತು ಮಕ್ಕಳಿಗೆ ಕೊಡುವ ಯೋಜನೆ. ಈಗ ಇಡೀ ಪಿಂಚಣಿ ಇದರ ಮೇಲೆ ನಿಂತಿದೆ, ಪಾಲು ಮಾತ್ರ ಅದೇ 1.16. ಅದನ್ನು 2 ಮಾಡಿ. ನಾವೂ ಸುಮ್ನೆ ಕೂರುವುದಿಲ್ಲ. ಕಾರ್ಮಿಕನ ಸಂಬಳದಿಂದ ಹಿಡಿಯುವ ಶೇ 12 ಪೂರ್ತಿ ಅವನ ಪಿಎಫ್ ಖಾತೆಗೆ ಹೋಗುತ್ತದೆ, ಪಿಂಚಣಿಗೆ ಒಂದು ಪೈಸೆಯೂ ಹೋಗುವುದಿಲ್ಲ. ಅದರಲ್ಲಿ ಶೇ 1ನ್ನು ಪಿಂಚಣಿಗೆ ತಿರುಗಿಸಲು ಅವಕಾಶ ಕೊಡಿ. ಇದನ್ನು ಹೋಟೆಲಿನಲ್ಲಿ ಹೇಳಿದಾಗ ಸ್ನೇಹಿತರು ನನ್ನ ಮೇಲೆ ರೇಗಿದರು. "ನಿಂಗೇನಪ್ಪ, ನೀನು ರಿಟೈರ್ ಆಗಿದೀಯ" ಅಂದರು. ಸರಿಯಾದ ಮಾತೇ. ಅದಕ್ಕೆ ನಮ್ಮ ಮಗನನ್ನೇ ಕೇಳಿದೆ. ಹಿರೇಹಳ್ಳಿಯಲ್ಲಿ ಮಿಷನ್ ಆಪರೇಟರ್ ಆಗಿದ್ದಾನೆ. "ಬೆಲೆ ಏರಿದ ಹಾಗೆ ಪೆನ್ಷನ್ ಏರುತ್ತೆ ಅಂತ ಬರೆದುಕೊಡ್ತಾರಾ? ಹಾಗಾದ್ರೆ ಹಿಡಿದುಕೊಳ್ಳಲಿ" ಅಂದ. ಅವನು ಕೇಳುತ್ತಿರುವುದು ಬರವಣಿಗೆಯಲ್ಲಿ ಒಂದು ಮಾತು.

ಸರ್ಕಾರಿ ನೌಕರರ ಹೋಲಿಕೆ ಬಂದೇ ಬರುತ್ತದೆ. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ಏಕೀಕೃತ ಪಿಂಚಣಿ ಯೋಜನೆಯಲ್ಲಿ ಕೇಂದ್ರದ ನೌಕರರಿಗೆ 10 ವರ್ಷದ ಸರ್ವಿಸಿಗೆ ಕನಿಷ್ಠ 10,000. ನಮಗೆ 10 ವರ್ಷಕ್ಕೆ ಕನಿಷ್ಠ 1,000. ನೋಡಿದಾಗ ಹೊಟ್ಟೆ ಉರಿಯುವುದು ಸಹಜ. ಆದರೆ ಅಲ್ಲಿ ನೌಕರ ಶೇ 10, ಸರ್ಕಾರ ಶೇ 18.5 ಹಾಕುತ್ತದೆ. ನಮ್ಮಲ್ಲಿ ಒಟ್ಟು ಸೇರಿ ಶೇ 9.49. ಅವರಿಗೆ ಯಾಕೆ ಅಂತ ನಾನು ಕೇಳುವುದಿಲ್ಲ. ದುಡಿದ ಯಾರಿಗೇ ಪಿಂಚಣಿ ಬಂದರೂ ನನಗೆ ಸಂತೋಷವೇ. ಅವರಿಗೆ ಮಾಡುವಾಗ ಹಣ ಎಲ್ಲಿಂದ ಬರುತ್ತದೆ ಅಂತ ಕೂತು ಯೋಚನೆ ಮಾಡಿದಿರಿ. ನಮಗೂ ಅಷ್ಟು ಹೊತ್ತು ಕೂತು ಯೋಚನೆ ಮಾಡಿ.

ಕನಿಷ್ಠ ಪಿಂಚಣಿಯ ಹಣ ಬೇರೆ, ವಂತಿಗೆಯ ಪಿಂಚಣಿ ಬೇರೆ. ಈಗಲೂ ಸಾವಿರಕ್ಕೆ ಕಡಿಮೆ ಬೀಳುವುದನ್ನು ಸರ್ಕಾರ ಬಜೆಟ್ಟಿನಿಂದ ತುಂಬಿಕೊಡುತ್ತದೆ. ಒಳ್ಳೆಯದು. ಅದು ಬಜೆಟ್ಟಿನಲ್ಲೇ ಇರಲಿ, ನಿಧಿಯ ಮೇಲೆ ಹೇರಬೇಡಿ. ಆದರೆ ಮೊತ್ತವನ್ನು 3,000ಕ್ಕೆ ತನ್ನಿ. ಒಂದೇ ವರ್ಷದಲ್ಲಿ ಆಗದಿದ್ದರೆ ಮೂರು ವರ್ಷದಲ್ಲಿ ತನ್ನಿ. ನಮ್ಮ ಅಕ್ಕ ಗುಬ್ಬಿ ಕಡೆ ಹಳ್ಳಿಯಲ್ಲಿದ್ದಾಳೆ. ಜೀವನವೆಲ್ಲ ಕೂಲಿ. ಅವಳಿಗೆ ರಾಜ್ಯದ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1,200 ಬರುತ್ತದೆ, ಅದು ಅವಳಿಗೆ ಬರಲೇಬೇಕು. 11 ವರ್ಷ ವಂತಿಗೆ ಕಟ್ಟಿಸಿಕೊಂಡ ಅಣ್ಣನಿಗೆ 1,021. ಬೇರೆ ಪಿಂಚಣಿ ಬರುವವರಿಗೆ ಸಂಧ್ಯಾ ಸುರಕ್ಷಾ ಇಲ್ಲ. ಹೀಗಿದ್ದರೆ ಹುಡುಗರಿಗೆ ಪಿಎಫ್ ಕಟ್ಟಿಸಿಕೊಳ್ಳಿ ಅಂತ ಯಾವ ಬಾಯಲ್ಲಿ ಹೇಳಲಿ?

ಅಕ್ಕನಂಥವರ ಬಗ್ಗೆ ಒಂದು ಮಾತು. ಇದು ನಿಮ್ಮ ಇಲಾಖೆಯದ್ದಲ್ಲ, ಗ್ರಾಮೀಣಾಭಿವೃದ್ಧಿಯದ್ದು, ಆದರೂ ಸಂಪುಟದಲ್ಲಿ ಹೇಳಿ. ಇಂದಿರಾಗಾಂಧಿ ವೃದ್ಧಾಪ್ಯ ಪಿಂಚಣಿಗೆ ಕೇಂದ್ರ ಕೊಡುವುದು 60ರಿಂದ 79 ವರ್ಷದವರಿಗೆ 200 ರೂಪಾಯಿ. 2007ರಲ್ಲೂ ಅದು 200 ಇತ್ತು. ಮಿಕ್ಕಿದ್ದನ್ನು ರಾಜ್ಯಗಳು ತಮ್ಮ ಕೈಯಿಂದ ಹಾಕಿಕೊಂಡು ಬಂದಿವೆ. ತಿಪಟೂರು ಕಡೆ ದಿನಕ್ಕೆ ಸಾವಿರ ಕಾಯಿ ಸುಲಿಯುವವರಿಗೆ, ಬೀಡಿ ಕಟ್ಟುವ, ಊದುಬತ್ತಿ ಹೊಸೆಯುವ ಹೆಂಗಸರಿಗೆ ಮುದಿತನದಲ್ಲಿ ಇರುವುದು ಇದೊಂದೇ.

ಗುತ್ತಿಗೆಯವರ ವಿಷಯಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ಇವತ್ತು ವಸಂತನರಸಾಪುರಕ್ಕೆ ಬೆಳಗ್ಗೆ ಬಸ್ಸಿನಲ್ಲಿ ಹೋಗುವ ಹುಡುಗ ಹುಡುಗಿಯರಲ್ಲಿ ಎಷ್ಟೋ ಮಂದಿ ಅವರೇ. ಈಗ ಯುಎಎನ್ ಇದೆ, ನಂಬರು ಒಂದೇ ಇರುತ್ತದೆ, ಅಣ್ಣನ ಕಾಲಕ್ಕಿಂತ ವಾಸಿ. ಆದರೆ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೆ, ಹಳೆಯ ಗುತ್ತಿಗೆದಾರ ಬಿಟ್ಟ ದಿನಾಂಕ ಹಾಕದಿದ್ದರೆ ಸರ್ವಿಸ್ ಸೇರುವುದಿಲ್ಲ. ಆ ಹುಡುಗಿ ರಜೆ ಹಾಕಿ ಅಲೆಯಬೇಕು. ಬೇಸತ್ತು ಹಣ ತೆಗೆದುಕೊಳ್ಳುತ್ತಾಳೆ. ಅಲ್ಲಿಗೆ ಆ ವರ್ಷಗಳು ಹೋದವು. ಗುತ್ತಿಗೆದಾರ ಕಟ್ಟದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಕಾರ್ಖಾನೆಯೇ ಕಟ್ಟಬೇಕು ಅನ್ನುವುದು ಕಾನೂನಿನಲ್ಲಿದೆ, ಅದನ್ನು ನಡೆಸಿ. ತಿಂಗಳ ವಂತಿಗೆ ಬಾರದಿದ್ದರೆ ಕಾರ್ಮಿಕನ ಮೊಬೈಲಿಗೆ ಕನ್ನಡದಲ್ಲಿ ಮೆಸೇಜ್ ಹೋಗಲಿ. ಹಣ ತೆಗೆಯುವ ಅರ್ಜಿ ಹಾಕುವಾಗ, ಇದನ್ನು ತೆಗೆದರೆ ನಿಮ್ಮ ಇಷ್ಟು ವರ್ಷದ ಪಿಂಚಣಿ ಹೋಗುತ್ತದೆ, 58ಕ್ಕೆ ಇಷ್ಟು ಬರುತ್ತಿತ್ತು ಅಂತ ಪರದೆ ಮೇಲೆ ದೊಡ್ಡ ಅಕ್ಷರದಲ್ಲಿ ಬರಲಿ. 2025ರ ಜನವರಿಯಿಂದ ದೇಶದ ಯಾವ ಬ್ಯಾಂಕಿನಲ್ಲಾದರೂ ಪಿಂಚಣಿ ಪಡೆಯುವ ವ್ಯವಸ್ಥೆ ಮಾಡಿದಿರಿ, 78 ಲಕ್ಷ ಜನರಿಗೆ ಅದು ನಿಜವಾಗಿಯೂ ಅನುಕೂಲವಾಗಿದೆ. ಅಷ್ಟು ಮಾಡಿದವರಿಗೆ ಇದು ಕಷ್ಟವಲ್ಲ.

ಯಾಕೆ ಇಷ್ಟು ಅವಸರ ಅಂದರೆ, ಕರ್ನಾಟಕದಲ್ಲಿ ಈಗ ಒಬ್ಬ ಹೆಂಗಸಿಗೆ ಸರಾಸರಿ ಎರಡು ಮಕ್ಕಳೂ ಇಲ್ಲ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಅದು 1.7. 2011ರ ಜನಗಣತಿಯಲ್ಲಿ ದೇಶದಲ್ಲಿ 60 ದಾಟಿದವರು 10 ಕೋಟಿ ಚಿಲ್ಲರೆ. 2050ರ ಹೊತ್ತಿಗೆ 34 ಕೋಟಿ ದಾಟುತ್ತಾರೆ ಅನ್ನುವುದು ವಿಶ್ವಸಂಸ್ಥೆಯ ಅಂದಾಜು. ಇವತ್ತು ಆ ಬಸ್ಸಿನಲ್ಲಿರುವ ಹುಡುಗರೇ ಅವರು. ಅವರು ಈಗ ದುಡಿಯುತ್ತಿದ್ದಾರೆ, ಈಗ ಕಟ್ಟಬಲ್ಲರು. ಇನ್ನೊಂದು 20 ವರ್ಷ ಬಿಟ್ಟು ಸರಿಮಾಡಲು ಹೊರಟರೆ ಕಟ್ಟುವ ಕೈ ಕಡಿಮೆ ಇರುತ್ತದೆ, ಚಾಚುವ ಕೈ ಜಾಸ್ತಿ ಇರುತ್ತದೆ.

ಆಗ ನಿಮ್ಮ ಮುಂದೆ ಯಾರಾದರೂ ವಯಸ್ಸಿನ ಮಾತು ತಂದೇ ತರುತ್ತಾರೆ, 58 ಅನ್ನುವುದನ್ನು 62 ಮಾಡಿ, 65 ಮಾಡಿ ಅಂತ. ಮೇಜಿನ ಮುಂದೆ ಕೂತು ಕೆಲಸ ಮಾಡುವ ನನ್ನಂಥವನಿಗೆ ಅದು ಆಗಬಹುದು. ಈಗಲೂ 60ರವರೆಗೆ ಕಾದರೆ ವರ್ಷಕ್ಕೆ ಶೇ 4 ಜಾಸ್ತಿ ಸಿಗುತ್ತದೆ, ಅದನ್ನು ಬೇಕಾದರೆ ಇನ್ನೂ ಆಕರ್ಷಕ ಮಾಡಿ. ಫೌಂಡ್ರಿಯಲ್ಲಿ, ವೆಲ್ಡಿಂಗಿನಲ್ಲಿ, ಲೇತ್ ಮುಂದೆ ನಿಂತವರಿಗೆ ಕಡ್ಡಾಯ ಮಾಡಬೇಡಿ. ಅಣ್ಣನನ್ನು 50 ದಾಟಿದ ಮೇಲೆ ಯಾರೂ ಕೆಲಸಕ್ಕೆ ಕರೆಯುತ್ತಿರಲಿಲ್ಲ. ಕಣ್ಣು ಹೋಗಿದೆ ಅಂತ ಎಲ್ಲರಿಗೂ ಗೊತ್ತಿತ್ತು.

ಈ ಪತ್ರಕ್ಕೆ ಉತ್ತರ ಬೇಕು ಅಂತಲೇ ಬರೆದಿದ್ದೇನೆ. ಮೌಲ್ಯಮಾಪನದ ವರದಿಯನ್ನು ಯಾವಾಗ ಕನ್ನಡದಲ್ಲಿ ಹಾಕುತ್ತೀರಿ? ಸಂಬಳದ ಮಿತಿ ಪ್ರತಿ ವರ್ಷ ತಾನಾಗಿ ಏರುವ ನಿಯಮ ಮಾಡುತ್ತೀರಾ ಇಲ್ಲವಾ? ಇವೆರಡಕ್ಕೆ ಒಂದು ದಿನಾಂಕ ತಿಳಿಸಿದರೂ ಸಾಕು, ಅದನ್ನು ಪ್ರಿಂಟ್ ತೆಗೆದು ಜಗಲಿಗೆ ಬರುವವರಿಗೆ ಓದಿ ಹೇಳುತ್ತೇನೆ. ನಾಳೆ ಇನ್ನಿಬ್ಬರು ಬರುವುದಿದೆ. ಒಬ್ಬರು ಪಾವಗಡದಿಂದ ಬೆಳಗಿನ ಬಸ್ಸಿಗೆ ಹೊರಡುತ್ತಾರೆ, ಅವರ ಹೆಬ್ಬೆಟ್ಟೂ ಹತ್ತುವುದಿಲ್ಲವಂತೆ.

ಇಂತಿ ನಮಸ್ಕಾರಗಳೊಂದಿಗೆ,
ತುಮಕೂರಿನ ಒಬ್ಬ ಇಪಿಎಸ್-95 ಪಿಂಚಣಿದಾರ